‘ಕರ್ವಾಲೊ’: ಪದ ಮತ್ತು ಪದಾರ್ಥ

‘ಪರಿಸರ’ ಎಂಬ ಪದಕ್ಕೆ ಶಾಲೆಗಳಲ್ಲಿ ದೊರೆತಿರುವ ಮನ್ನಣೆ ಅಲ್ಪವಾದುದಲ್ಲ. ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ವಿಷಯವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಪದವು ಪಠ್ಯಕ್ಕೆ ಬಂದಿತು. ಪದಾರ್ಥವು ಬಂದಿತೆ ಎಂಬುದು ವಿಚಾರಣೀಯ. ಮಣ್ಣನ್ನು ಮುಟ್ಟದ ವಿದ್ಯಾರ್ಥಿಯೂ ಮಣ್ಣಿನ ಸವಕಳಿಯನ್ನು ಕುರಿತು ಐದು ಅಂಕದ ಉತ್ತರ ಬರೆಯಬಲ್ಲನು. ಈ ಕೊರತೆಯನ್ನು ಅರಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯು ಉತ್ತಮ ಸಾಧನವಾಗಿದೆ.

ಮನಸ್ಸು ಕಲ್ಪಿಸಲಿ, ಬಿಡಲಿ, ವಸ್ತುವು ತಾನೇ ತಾನಾಗಿ ಇದೆಯೆಂಬುದು ವಾಸ್ತವವಾದದ ತಿರುಳು. ಕಾದಂಬರಿಯ ಹಾರುವ ಓತಿಯು ಈ ತತ್ತ್ವದ ಜೀವಂತ ರೂಪ. ಅದನ್ನು ಮೊದಲು ಕಂಡವನು ವಿಜ್ಞಾನಿ ಕರ್ವಾಲೊ ಅಲ್ಲ. ಜೇನಿನ ಚಲನವಲನ ಬಲ್ಲ ಮಂದಣ್ಣ. ಊರಿನ ಕಣ್ಣಿಗೆ ಅವನೊಬ್ಬ ಅಪ್ರಯೋಜಕ. ಅವನ ಅರಿವು ಗ್ರಂಥದಿಂದ ಬಂದುದಲ್ಲ. ಕೈ, ಕಣ್ಣು, ಕಾಲುಗಳ ದುಡಿಮೆಯಿಂದ ಒದಗಿದುದು. ಕರ್ವಾಲೊ ಅವನಲ್ಲಿ ಶಿಷ್ಯನನ್ನಲ್ಲ, ಸಹಶೋಧಕನನ್ನು ಕಾಣುತ್ತಾನೆ. ಕೃತಿಯ ಶೈಕ್ಷಣಿಕ ಮಹತ್ವವಿರುವುದು ಇಲ್ಲಿಯೇ.

ಕೊನೆಯಲ್ಲಿ ಓತಿಯು ಯಾರ ಕೈಗೂ ಸಿಕ್ಕದೆ ಪ್ರಪಾತದತ್ತ ತೇಲಿಹೋಗುತ್ತದೆ. ಇದು ರಹಸ್ಯವಾದಕ್ಕೆ ಶರಣಾದಂತೆ ಎಂದು ಆಕ್ಷೇಪಿಸಬಹುದು. ಆದರೆ ಕೈಗೆ ಸಿಗದುದು ಇಲ್ಲವಾಗುವುದಿಲ್ಲ. ಮನುಷ್ಯನ ಬಯಕೆಗೆ ಮಣಿಯದಿರುವುದೇ ಅದರ ಸ್ವತಂತ್ರ ಅಸ್ತಿತ್ವಕ್ಕೆ ಸಾಕ್ಷಿ. ಜಗತ್ತನ್ನು ಮಿಥ್ಯೆಯೆನ್ನದೆ ಶಿವಶಕ್ತಿಯ ವಿಕಾಸವಾದ ಸತ್ಯವೆಂದು ಒಪ್ಪುವ ಶಕ್ತಿವಿಶಿಷ್ಟಾದ್ವೈತದ ಓದುಗರಿಗೆ ಈ ನಿಲುವು ಅಪರಿಚಿತವೆನಿಸದು. ಎರಡರ ದಾರಿ ಬೇರೆ. ತೇಜಸ್ವಿಯವರದು ವಿಕಾಸವಾದದ ಬೆರಗು, ಭಕ್ತಿಯದಲ್ಲ. ಅವನ್ನು ಒಂದೆನ್ನುವುದು ಎರಡಕ್ಕೂ ಅನ್ಯಾಯ.

ಕೃತಿಯನ್ನು ಬೋಧಿಸುವಾಗ ಒಂದು ಅಪಾಯವುಂಟು. ಅಪೂರ್ವವಾದುದರ ಬೆನ್ನುಹತ್ತಿದ ಕಥೆಯು ಅಪೂರ್ವವಾದುದೇ ಅರಿವಿಗೆ ಯೋಗ್ಯವೆಂಬ ಭ್ರಮೆಯನ್ನು ಎಳೆಯ ಮನಸ್ಸಿನಲ್ಲಿ ಮೂಡಿಸಬಹುದು. ಕಾದಂಬರಿಯ ಓತಿಯು ದುರ್ಲಭವಾದರೂ ಪಶ್ಚಿಮಘಟ್ಟದ ಹಾರುವ ಓತಿಯು ಮಲೆನಾಡಿನ ಅಡಕೆ ತೋಟಗಳಲ್ಲಿಯೂ ಕಾಣಸಿಗುವ ಜೀವಿ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ನೀಳವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಇರುವೆಗಳು ಅದರ ಮುಖ್ಯ ಆಹಾರ. ಮರದಲ್ಲಿಯೇ ಬಾಳುವ ಹೆಣ್ಣು ಓತಿಯು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣನ್ನು ಅಗೆಯುತ್ತದೆ. ಮರ, ಇರುವೆ, ಮಣ್ಣು ಈ ಮೂರರಲ್ಲಿ ಒಂದು ಕೆಟ್ಟರೂ ಅದರ ಬಾಳು ಕೆಡುತ್ತದೆ. ‘ಪರಸ್ಪರಾವಲಂಬನೆ’ ಎಂಬ ಬಾಯಿಪಾಠಕ್ಕಿಂತ ಈ ಒಂದು ಜೀವಿಯ ಅವಲೋಕನ ಹೆಚ್ಚು ಕಲಿಸಬಲ್ಲುದು.

‘ಕರ್ವಾಲೊ’ವನ್ನು ಓದಿಸಿ, ‘ಮಂದಣ್ಣನ ಸ್ವಭಾವವನ್ನು ವಿವರಿಸಿ’ ಎಂದು ಕೇಳಿ ಮುಗಿಸಿದರೆ ಮಂದಣ್ಣನನ್ನು ಮತ್ತೊಮ್ಮೆ ಕಡೆಗಣಿಸಿದಂತಾಗುತ್ತದೆ. ತರಗತಿಯ ಕೊನೆಯ ಬೆಂಚಿನಲ್ಲಿ ಅಂಕಗಳಿಲ್ಲದೆ ಕುಳಿತ, ಆದರೆ ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುವುದೆಂದು ಬಲ್ಲ ಹುಡುಗನನ್ನು ಗುರುತಿಸುವ ಉಪಾಧ್ಯಾಯನೇ ಈ ಕೃತಿಯ ನಿಜವಾದ ವ್ಯಾಖ್ಯಾನಕಾರನು.