ಪುರಿಯ ಮುತ್ತಿಗೆ: ರವಿಕೀರ್ತಿ ಕಂಡ ಕಡಲಯುದ್ಧ

ಐಹೊಳೆಯ ಮೇಗುತಿ ಜಿನಾಲಯದಲ್ಲಿ ರವಿಕೀರ್ತಿಯು ಶಕ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ಕೆತ್ತಿಸಿದ ಸಂಸ್ಕೃತ ಪ್ರಶಸ್ತಿ, ಎಂದರೆ ಅರಸನ ಗೆಲುವುಗಳನ್ನು ಕೊಂಡಾಡುವ ಶಾಸನಕಾವ್ಯ, ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕೆ ಮುಖ್ಯ ಆಧಾರವಾಗಿದ್ದರೂ, ಕೊಂಕಣದ ಮೌರ್ಯರ ಮೇಲಿನ ದಾಳಿಗೆ ಅದರಲ್ಲಿ ಸಿಕ್ಕಿರುವುದು ಎರಡು ಪದ್ಯಗಳಷ್ಟೇ ಜಾಗ. ಮೊದಲನೆಯದರಲ್ಲಿ ಚಾಲುಕ್ಯರ ಸೇನೆ ಹೆದ್ದೆರೆ, ಮೌರ್ಯರು ಕೊಳದ ಕಿರುತೆರೆ. ಎರಡನೆಯದರಲ್ಲಿ ಮದಗಜಗಳ ಸಾಲಿನಂಥ ನೂರಾರು ನಾವೆಗಳು ಪುರಿಯನ್ನು ಮುತ್ತುವಾಗ ಮೋಡ ಕವಿದ ಬಾನು ಕಡಲಂತೆಯೂ ಕಡಲು ಬಾನಂತೆಯೂ ತೋರುತ್ತದೆ. ತನ್ನನ್ನು ಕಾಳಿದಾಸ, ಭಾರವಿಯರಿಗೆ ಸರಿಗಟ್ಟಿಕೊಂಡ ಕವಿಯ ಹೆಮ್ಮೆಗೆ ಈ ಎರಡನೆಯ ಪದ್ಯವೊಂದೇ ಸಾಕು.

ಆದರೆ ಯುದ್ಧದ ವೃತ್ತಾಂತವೆಂದು ಓದಹೊರಟರೆ ಪದ್ಯ ಏನನ್ನೂ ಬಿಟ್ಟುಕೊಡುವುದಿಲ್ಲ. ರೋಮ್ ಹಾಗೂ ಉತ್ತರ ಆಫ್ರಿಕದ ಕಡಲೊಡೆಯ ಕಾರ್ಥೇಜ್ ನಡುವೆ ಕ್ರಿ.ಪೂ. 264ರಿಂದ 241ರವರೆಗೆ ನಡೆದ ಮೊದಲ ಪ್ಯೂನಿಕ್ ಯುದ್ಧವನ್ನು ಬರೆದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್, ರೋಮನ್ನರು ಕೈಗೆ ಸಿಕ್ಕ ಶತ್ರುನೌಕೆಯನ್ನು ನೋಡಿ ಹಡಗು ಕಟ್ಟಿದ್ದನ್ನೂ, ಹುಟ್ಟು ಹಾಕುವವರನ್ನು ನೆಲದ ಮೇಲೆಯೇ ಕೂರಿಸಿ ಪಳಗಿಸಿದ್ದನ್ನೂ, ಎದುರಾಳಿಯ ಹಡಗನ್ನು ಕೊಕ್ಕೆಯಿಂದ ಕಚ್ಚಿ ಹಿಡಿಯುವ ‘ಕಾರ್ವಸ್’ ಎಂಬ ಹಲಗೆಸೇತುವೆಯ ಬಲದಿಂದ 260ರಲ್ಲಿ ಮೈಲೇಯಲ್ಲಿ ಗೆದ್ದದ್ದನ್ನೂ ವಿವರಿಸುತ್ತಾನೆ. 255ರ ಬಿರುಗಾಳಿಯಲ್ಲಿ 364 ಹಡಗುಗಳ ಪೈಕಿ 80 ಮಾತ್ರ ಉಳಿದವೆಂಬುದನ್ನೂ ಮುಚ್ಚಿಡುವುದಿಲ್ಲ. ರವಿಕೀರ್ತಿಯಲ್ಲಿ ನಾವೆಗಳನ್ನು ಕಟ್ಟಿದವರಿಲ್ಲ, ಹೊರಟ ಬಂದರಿಲ್ಲ, ಮುಳುಗಿದವರಂತೂ ಇಲ್ಲವೇ ಇಲ್ಲ. ಒಳನಾಡಿನ ಕವಿಗೆ ಹಡಗನ್ನು ಕಾಣಲೂ ಆನೆಯೇ ಬೇಕಾಯಿತು.

ಈ ಮೌನವನ್ನು ಕೆಲಮಟ್ಟಿಗೆ ತುಂಬುವುದು ತಾಮ್ರಪಟಗಳು. ಘಟಪ್ರಭೆಯ ದಡದ ಗೋಕಾಕದಲ್ಲಿ ದೊರೆತ, ರಾಷ್ಟ್ರಕೂಟ ದೆಜ್ಜ ಮಹಾರಾಜನ ಕಾಲದ ಶಾಸನದಲ್ಲಿ ಸೇಂದ್ರಕ ಮನೆತನದ ಇಂದ್ರನಂದ ಕಾಣಿಸಿಕೊಂಡರೆ, ಕೊಂಕಣದ ಚಿಪಳೂಣ ಶಾಸನದಲ್ಲಿ ಅದೇ ಮನೆತನದ ಶ್ರೀವಲ್ಲಭ ಸೇನಾನಂದ ಪುಲಕೇಶಿಯ ಸೋದರಮಾವನಾಗಿ ಬರುತ್ತಾನೆ. ಘಟ್ಟದ ಮೇಲೂ ಕೆಳಗೂ ಬೇರು ಬಿಟ್ಟಿದ್ದ ಇಂಥ ಸಾಮಂತರೇ ಬಾದಾಮಿಗೆ ಕಡಲ ದಾರಿ ತೆರೆದಿರಬೇಕೆಂಬುದು ಊಹೆಯಾದರೂ, ಪ್ರಶಸ್ತಿಯ ‘ನೂರಾರು’ ಎಂಬ ಉತ್ಪ್ರೇಕ್ಷೆಯ ಮೇಲೆ ಚಾಲುಕ್ಯರಿಗೊಂದು ಖಾಯಂ ನೌಕಾಪಡೆಯನ್ನೇ ಕಟ್ಟಿಕೊಡುವ ಆಧುನಿಕ ಉತ್ಸಾಹಕ್ಕಿಂತ ಹೆಚ್ಚು ನಂಬಲರ್ಹ.

ಕೃತಿಯ ಐತಿಹಾಸಿಕ ಬೆಲೆ ಅದರ ಎಚ್ಚರ ತಪ್ಪಿದ ಕಡೆಯಲ್ಲಿದೆ: ಮೌರ್ಯರನ್ನು ಕೊಳದ ತೆರೆಗಿಳಿಸಿದ ಕವಿ, ಮರುಪದ್ಯದಲ್ಲೇ ಅವರ ಪುರಿಯನ್ನು ಪಡುಗಡಲ ಲಕ್ಷ್ಮಿಯೆಂದು ಕರೆದು, ಆ ನಗರಕ್ಕೆ ಕಡಲ ವ್ಯಾಪಾರ ತಂದ ಸಿರಿಯನ್ನು ಒಪ್ಪಿಕೊಂಡುಬಿಡುತ್ತಾನೆ. ಅದು ಘಾರಾಪುರಿಯೋ, ಜಂಜೀರದ ಬಳಿಯ ರಾಜಪುರಿಯೋ ಎಂಬ ವಿದ್ವಾಂಸರ ವಾದ ಮಾತ್ರ ಇನ್ನೂ ಮುಗಿದಿಲ್ಲ.