ದೈತ್ಯನಿಗೆ ಫೋಟೋ ವೇಷ ಯಾಕೆ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಇವತ್ತು ಆ ಊರಿನ ಹೆಸರು ಹೇಳಿದರೆ ಉಷ್ಣ ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಆದರೆ ಸ್ಥಾವರದ ಬೂದಿಗಿಂತ ಸಾವಿರಾರು ವರ್ಷ ಹಳೆಯದಾದ ಬೂದಿಯೂ ಅಲ್ಲಿದೆ, ದಿಬ್ಬವಾಗಿ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅದು ಎನ್ನುವುದು ಆ ಕಡೆಯ ಹಳೆಯ ಕತೆ. ಹಂಪಿಯ ಪಕ್ಕದ ನಿಂಬಾಪುರದಲ್ಲೂ ಅಂಥದೇ ದಿಬ್ಬವಿದೆ. ಅಲ್ಲಿ ಅದು ವಾಲಿಯ ಚಿತೆ.

ಈಗ ಮೊಬೈಲು ತೆಗೆದು, ಎಐ ಚಿತ್ರಯಂತ್ರಕ್ಕೆ ‘ಹಿಡಿಂಬಾಸುರನ ಅಸ್ಥಿಪಂಜರ, ಬಳ್ಳಾರಿ ಬಯಲು, ಉತ್ಖನನ’ ಎಂದು ಬರೆದರೆ ಸಾಕು. ಕೆಂಪುಮಣ್ಣಿನ ಗುಂಡಿ, ಅದರ ತುಂಬ ಮಲಗಿದ ಎಲುಬಿನ ಗೂಡು, ಅಂಚಿನಲ್ಲಿ ಇರುವೆಗಳಂತೆ ನಿಂತ ಹ್ಯಾಟುಧಾರಿ ವಿಜ್ಞಾನಿಗಳು, ಸಂಜೆಯ ಬೆಳಕು, ತೇಲುವ ಧೂಳು, ಎಲ್ಲವೂ ನಿಮಿಷದೊಳಗೆ ಸಿದ್ಧ. ಬಳ್ಳಾರಿಯ ಏಕಶಿಲಾ ಗುಡ್ಡದ ಮೇಲೆ ಹಾರುವ ತಟ್ಟೆ, ಹೊಲದ ಬದುವಿನಲ್ಲಿ ಕೊಳ್ಳಿದೆವ್ವ, ತುಂಗಭದ್ರೆಯಿಂದ ತಲೆಯೆತ್ತುವ ಜಲರಾಕ್ಷಸ ಹೀಗೆ ಬಗೆಹರಿಯದ ಸಂಗತಿಗಳಿಗೆ ಮುಖ ಕೊಡುವುದು ಈಗ ದೊಡ್ಡ ಹವ್ಯಾಸ. ಅಭಿಮಾನದಿಂದ ಮಾಡುವವರಿದ್ದಾರೆ, ತಮಾಷೆಗೆ ಮಾಡುವವರಿದ್ದಾರೆ, ನಂಬಿಸಲೆಂದೇ ಮಾಡುವವರೂ ಇದ್ದಾರೆ. ಮೂವರ ಕೈಯಿಂದ ಹೊರಬರುವ ಚಿತ್ರ ಮಾತ್ರ ಒಂದೇ ಥರ ಕಾಣುತ್ತದೆ. ಈ ಹವ್ಯಾಸದ ಬಗ್ಗೆ ನನ್ನ ಮೊದಲ ತಕರಾರು ಇದೇ.

ಕಲ್ಪನೆಯ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲದ್ದನ್ನು ಬರೆಯುವ ಚಟ ಈ ನೆಲದಲ್ಲಿ ಯಂತ್ರಕ್ಕಿಂತ ಬಹಳ ಹಿಂದಿನದು. ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹತ್ತಿಕೊಂಡಿರುವ ಕಪ್ಪಗಲ್ಲಿನ ಗುಡ್ಡದಲ್ಲಿ ಕರಿಕಲ್ಲಿನ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಗೂಳಿಗಳೇ ಹೆಚ್ಚು. ನಡುನಡುವೆ ಮನುಷ್ಯಾಕೃತಿಗಳು, ಕೆಲವು ಮನುಷ್ಯರೇ ಹೌದೋ ಅಲ್ಲವೋ ಎಂದು ಹೇಳಲಾಗದವು. ನಿಲ್ಲಲು ಜಾಗವೇ ಇಲ್ಲದ ಬಂಡೆಗಳ ಮೇಲೂ ಚಿತ್ರಗಳಿವೆ. ಅಲ್ಲಿಗೆ ಕೈ ಹೇಗೆ ತಲುಪಿತು ಎಂದು ನೋಡುವವರು ತಲೆ ಕೆರೆದುಕೊಳ್ಳಬೇಕು. ಅಲ್ಲಿಂದ ಈಚೆಗೆ ಬಂದರೆ ಬಳ್ಳಾರಿ ಸೀಮೆಯ ತೊಗಲುಗೊಂಬೆ. ಹತ್ತು ತಲೆಯ ರಾವಣ, ಕೋರೆಹಲ್ಲಿನ ರಾಕ್ಷಸಿ, ಹಾರುವ ಹನುಮಂತ ಯಾರನ್ನೂ ಯಾರೂ ಕಂಡಿರಲಿಲ್ಲ. ತೊಗಲನ್ನು ಹದಮಾಡಿ, ತೆಳುವಾಗಿಸಿ, ರಂಧ್ರ ಕೊರೆದು, ಬಣ್ಣ ತುಂಬಿ, ಪರದೆಯ ಹಿಂದೆ ದೀಪವಿಟ್ಟು ಕುಣಿಸಿದರು. 2023ರಲ್ಲಿ ತೀರಿಕೊಂಡ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಇದೇ ಪರದೆಗೆ ಸ್ವಾತಂತ್ರ್ಯ ಹೋರಾಟದ ಕತೆಗಳನ್ನೂ ತಂದರು.

ತೊಗಲುಗೊಂಬೆಯ ರಾವಣನನ್ನು ನೋಡಿ ಯಾವ ಮಗುವೂ ‘ಇದು ರಾವಣನ ಫೋಟೋ’ ಎಂದುಕೊಳ್ಳುವುದಿಲ್ಲ. ಕೀಲು ಕಾಣುತ್ತದೆ, ಕಡ್ಡಿ ಕಾಣುತ್ತದೆ, ಆಡಿಸುವವನ ದನಿ ಕೇಳುತ್ತದೆ. ಹಾಗೆ ಕಂಡರೂ ಭಯವೇನೂ ಕಡಿಮೆಯಾಗುವುದಿಲ್ಲ. ಒಳ್ಳೆಯ ಕಲ್ಪಿತ ಚಿತ್ರದ ಗುಟ್ಟು ಇಲ್ಲಿದೆ. ಅದು ತಾನು ಕಟ್ಟಿದ್ದು ಎಂಬುದನ್ನು ಮುಚ್ಚಿಡದೆ ನಮ್ಮನ್ನು ಒಳಗೆಳೆಯುತ್ತದೆ. ಎಐ ದೈತ್ಯನಿಗೆ ಈ ಧೈರ್ಯವಿಲ್ಲ. ಅವನು ಫೋಟೋದ ವೇಷ ಹಾಕಿಕೊಂಡೇ ಬರುತ್ತಾನೆ. ಲೆನ್ಸಿನ ಮಸುಕು, ಬಿಸಿಲಿನ ನೆರಳು, ಹಳೆಯ ಚಿತ್ರವಾದರೆ ಕಾಗದದ ಕಲೆ, ಇವೆಲ್ಲ ‘ಯಾರೋ ಅಲ್ಲಿದ್ದು ನೋಡಿದರು’ ಎಂದು ಹೇಳುವ ಗುರುತುಗಳು. ಯಾರೂ ಇಲ್ಲದ ಕಡೆ ಆ ಗುರುತುಗಳನ್ನು ಅಂಟಿಸಿದರೆ ಚಿತ್ರಕ್ಕೆ ಸಿಗುವುದು ಸುಳ್ಳುಸಾಕ್ಷಿಯ ಬಲ. ಅದನ್ನು ಕಲೆಯ ಬಲವೆಂದು ಎಣಿಸಲಾಗದು.

ಇದರ ಪರಿಣಾಮ ಏನೆಂದು ಈ ಯಂತ್ರಗಳು ಬರುವ ಮುಂಚೆಯೇ ನಾವು ಉಂಡಿದ್ದೇವೆ. 2002ರಲ್ಲಿ ಚಿತ್ರ ತಿದ್ದುವವರ ಒಂದು ಅಂತರರಾಷ್ಟ್ರೀಯ ಸ್ಪರ್ಧೆಗೆ ಕೆನಡಾದ ಕಲಾವಿದನೊಬ್ಬ ಗುಪ್ತನಾಮದಲ್ಲಿ ಒಂದು ಚಿತ್ರ ಮಾಡಿದ. ಪುರಾತತ್ವದ ಹುಸಿ ಶೋಧವೊಂದನ್ನು ಚಿತ್ರಿಸಿ ಎನ್ನುವುದು ಸ್ಪರ್ಧೆಯ ವಸ್ತು. 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ ಮಾಸ್ಟೊಡಾನ್ ಎಂಬ ಆನೆಬಳಗದ ಪ್ರಾಣಿಯ ಎಲುಬುಗಳನ್ನು ಅಗೆದ ಫೋಟೋ ಹಿಡಿದು, ಅದರೊಳಗೆ ಮನುಷ್ಯನ ಅಸ್ಥಿಪಂಜರ ಕೂರಿಸಿದ. ಮೋಸದ ಉದ್ದೇಶವೇ ಇರಲಿಲ್ಲ. ಆದರೆ ಚಿತ್ರ ಸ್ಪರ್ಧೆಯಿಂದ ಕಳಚಿಕೊಂಡು ಇಮೇಲು ಹತ್ತಿತು. ಭಾರತಕ್ಕೆ ಬರುವ ಹೊತ್ತಿಗೆ ಅದಕ್ಕೆ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ತಂಡ, ಸೇನೆಯ ಕಾವಲು, ಶಿಲಾಫಲಕ ಎಲ್ಲ ಸೇರಿಕೊಂಡಿದ್ದವು. 2007ರ ಮಾರ್ಚಿನಲ್ಲಿ ಮುಂಬೈಯ ಒಂದು ಮಾಸಪತ್ರಿಕೆ, ಮಹಾಭಾರತದಲ್ಲಿ ಬರುವ ಅತಿಮಾನುಷರ ಎಲುಬು ಸಿಕ್ಕಿದೆ ಎಂದು ಅಚ್ಚು ಹಾಕಿತು. ಅದೇ ವರ್ಷ ಡಿಸೆಂಬರಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯೇ ಇದು ಸುಳ್ಳೆಂದು ಬರೆಯಬೇಕಾಯಿತು. ಆದರೂ ಆ ಎಲುಬು ಘಟೋತ್ಕಚನದೆಂಬ ಅಡಿಬರಹ ಹೊತ್ತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇತ್ತು. ಅವನ ಸೋದರಮಾವ ಹಿಡಿಂಬನ ಬೂದಿ ಕುಡತಿನಿಯಲ್ಲಿ ಕತೆಯಾಗಿ ನೆಮ್ಮದಿಯಿಂದಿದೆ. ಅಳಿಯನ ಎಲುಬು ಫೋಟೋ ಆಗಿ ದೇಶ ಸುತ್ತಿ ಮಾನ ಕಳೆದುಕೊಂಡಿತು.

ಆ ಸುಳ್ಳು ಸಿಕ್ಕಿಬಿದ್ದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಹೈಡ್ ಪಾರ್ಕಿನ ಮೂಲ ಫೋಟೋ ಇತ್ತು, ಪಕ್ಕದಲ್ಲಿಟ್ಟು ತೋರಿಸಬಹುದಿತ್ತು. ಇನ್ನೂ ಹಿಂದೆ, ಇಂಗ್ಲೆಂಡಿನ ಕಾಟಿಂಗ್ಲೆಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು ಕಾಗದದ ಕಿನ್ನರಿಯರನ್ನು ಕತ್ತರಿಸಿ ನಿಲ್ಲಿಸಿ ತೆಗೆದ ಫೋಟೋಗಳನ್ನು ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಕಾನನ್ ಡಾಯ್ಲರೇ ನಂಬಿದ್ದರು. ಆ ಹುಡುಗಿಯರು ಮುದುಕಿಯರಾಗಿ 1983ರಲ್ಲಿ ನಿಜ ಒಪ್ಪಿಕೊಂಡರು. ಹಳೆಯ ಸುಳ್ಳುಗಳಿಗೆ ಹೀಗೆ ಒಂದು ಮೂಲವಿತ್ತು: ಕಾಗದ, ಕತ್ತರಿ, ನೆಗೆಟಿವ್, ಕೊನೆಗೆ ಒಪ್ಪಿಕೊಳ್ಳುವ ಬಾಯಿ. ಎಐ ಚಿತ್ರಕ್ಕೆ ತೋರಿಸಬಹುದಾದ ಇಂಥದೇ ಎಂಬ ಮೂಲವಿಲ್ಲ. ಕೋಟಿಗಟ್ಟಲೆ ಚಿತ್ರಗಳ ಅಂಕಿ ಅಂಶಗಳಿಂದ ಅದು ಹೊಸದಾಗಿ ಮೂಡುತ್ತದೆ. ಇದೇ ನೋಡಿ ಅಸಲಿ ಎಂದು ಪಕ್ಕದಲ್ಲಿಡಲು ಏನೂ ಇರುವುದಿಲ್ಲ. ಮಾಡಿದವನು ಪ್ರಾಮಾಣಿಕನಾಗಿದ್ದರೂ ಚಿತ್ರ ಅವನ ಕೈ ಬಿಟ್ಟ ಮೇಲೆ ಅವನ ಪ್ರಾಮಾಣಿಕತೆ ಅದರ ಜೊತೆ ಹೋಗುವುದಿಲ್ಲ.

ಎರಡನೆಯ ತಕರಾರು ಊರಿಗೆ ಸಂಬಂಧಿಸಿದ್ದು. ರಹಸ್ಯ ಎಂಬುದು ಒಂದು ಜಾಗಕ್ಕೆ ಅಂಟಿಕೊಂಡಿರುತ್ತದೆ. ನಮ್ಮ ಕೊಳ್ಳಿದೆವ್ವಕ್ಕೆ ಅದರದೇ ನಡೆಯಿದೆ: ದೂರದ ಹೊಲದಲ್ಲಿ ಒಂದು ಕಿಡಿ, ಹತ್ತಿರ ಹೋದರೆ ಇಲ್ಲ, ಅಷ್ಟು ದೂರದಲ್ಲಿ ಮತ್ತೆ ಪ್ರತ್ಯಕ್ಷ. ಅದಕ್ಕೆ ಮುಖವಿಲ್ಲ. ಹೆದರಿಕೆ ಇರುವುದೇ ಆ ಮುಖವಿಲ್ಲದಿರುವಿಕೆಯಲ್ಲಿ. ಯಂತ್ರಕ್ಕೆ ಹೇಳಿದರೆ ಅದು ಉರಿಯುವ ತಲೆಬುರುಡೆ ಕೊಡುತ್ತದೆ, ಹಿಂದೆ ಮಂಜು ಕವಿದ ಪೈನ್ ಕಾಡು ನಿಲ್ಲಿಸುತ್ತದೆ. ಸಿರುಗುಪ್ಪದ ಭತ್ತದ ಗದ್ದೆಗೂ ಕುರುಗೋಡಿನ ಬಂಡೆಗುಡ್ಡಕ್ಕೂ ಪೈನ್ ಮರಕ್ಕೂ ಏನು ನಂಟು? ಕಾರಣ ಊಹಿಸುವುದು ಕಷ್ಟವಲ್ಲ. ಇಂಥ ಹಲವು ಯಂತ್ರಗಳಿಗೆ ಪಾಠವಾದ ಲೈಯಾನ್-5ಬಿ ಎಂಬ ಸಂಗ್ರಹದಲ್ಲಿ 585 ಕೋಟಿ ಚಿತ್ರ-ಬರಹದ ಜೋಡಿಗಳಿದ್ದವು. ಅದರಲ್ಲಿ ಸುಮಾರು 230 ಕೋಟಿ ಇಂಗ್ಲಿಷಿನವೇ. ಯಂತ್ರ ಓದಿಕೊಂಡ ಭಯವೆಲ್ಲ ಬೇರೆಯವರ ಊರಿನದು. ಹಾಗಾಗಿ ಬಳ್ಳಾರಿಯ ರಾಕ್ಷಸನೂ ಬ್ರೆಜಿಲ್‌ನ ರಾಕ್ಷಸನೂ ಒಂದೇ ಜಿಮ್‌ನಲ್ಲಿ ಮೈ ಬೆಳೆಸಿದವರಂತೆ ಕಾಣುತ್ತಾರೆ.

ಅಭಿಮಾನಿ ಚಿತ್ರಗಳಲ್ಲಿ ಈ ದೋಷ ಇನ್ನೂ ಚುಚ್ಚುತ್ತದೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ಪಂಜುರ್ಲಿ, ಗುಳಿಗ ದೈವಗಳನ್ನು ಎಐನಲ್ಲಿ ಮೂಡಿಸಿದ ಚಿತ್ರಗಳು ಹರಿದಾಡಿದವು. ತುಳುನಾಡಿನಲ್ಲಿ ಆ ಮುಖವರ್ಣಿಕೆ, ಅಣಿ, ಗಗ್ಗರಗಳಿಗೆ ಕಟ್ಟುಪಾಡುಗಳಿವೆ. ಕಟ್ಟುವ ಹಕ್ಕು ಮನೆತನಗಳಲ್ಲಿ ನಡೆದುಬಂದಿದೆ. ಯಂತ್ರಕ್ಕೆ ಅದೆಲ್ಲ ಬರೀ ಬಣ್ಣ. ಅದು ತೆಯ್ಯಂನ ಕಿರೀಟ, ಕಥಕಳಿಯ ಹಸಿರು, ಎಲ್ಲಿಯದೋ ಡ್ರ್ಯಾಗನ್‌ನ ಹಲ್ಲು ಕೂಡಿಸಿ ಇದು ದೈವ ಎನ್ನುತ್ತದೆ. 2025ರ ಅಕ್ಟೋಬರಿನಲ್ಲಿ ‘ಕಾಂತಾರ ಅಧ್ಯಾಯ 1’ ಬಿಡುಗಡೆಯಾದ ಬೆನ್ನಿಗೆ ದೈವವನ್ನು ಅನುಕರಿಸಬೇಡಿ ಎಂದು ಚಿತ್ರತಂಡವೇ ಅಭಿಮಾನಿಗಳನ್ನು ಕೇಳಿಕೊಂಡಿತು. ಕೈಯಿಂದ ಬರೆಯುವ ಅಭಿಮಾನಿ ಹತ್ತು ಸಲ ಅಳಿಸುತ್ತಾನೆ. ಅಳಿಸುವಾಗ, ಈ ಗೆರೆ ಯಾಕೆ ಹೀಗಿದೆ ಎಂಬ ಪ್ರಶ್ನೆ ಹುಟ್ಟುತ್ತದೆ. ಅಭಿಮಾನ ತಿಳಿವಳಿಕೆಯಾಗುವುದು ಆ ಪ್ರಶ್ನೆಯಿಂದ. ಎಐನಲ್ಲಿ ಅದಕ್ಕೆ ಬಿಡುವೇ ಇಲ್ಲ. ಉತ್ತರ ಪ್ರಶ್ನೆಗಿಂತ ಮೊದಲು ಬಂದುಬಿಡುತ್ತದೆ.

ಮೂರನೆಯ ತಕರಾರು ದೊಡ್ಡದು. ಈ ಚಿತ್ರಗಳು ನಿಜವಾದ ಬೆರಗನ್ನು ಸಪ್ಪೆ ಮಾಡುತ್ತವೆ. ಕುಡತಿನಿಯ ಬೂದಿಯನ್ನು ನೋಡಿದ 19ನೆಯ ಶತಮಾನದವರು ಅದು ಜ್ವಾಲಾಮುಖಿಯೋ ಕುಲುಮೆಯೋ ಸಾಮೂಹಿಕ ದಹನವೋ ಎಂದು ಚರ್ಚಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದನದ ಸಗಣಿಯ ಕಡೆ ಬೆರಳು ತೋರಿಸಿದರು. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದೇ ದಿಬ್ಬ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ಅದು ದೊಡ್ಡಿ. ವರ್ಷಗಟ್ಟಲೆ ಸಗಣಿ ಪೇರಿಸಿದ್ದಾರೆ, ಮತ್ತೆ ಮತ್ತೆ ಬೆಂಕಿ ಇಟ್ಟಿದ್ದಾರೆ. ಉರಿ ಎಷ್ಟು ಜೋರೆಂದರೆ ಬೂದಿ ಕರಗಿ ಕಿಟ್ಟವಾಗಿದೆ. ಯಾಕೆ ಸುಟ್ಟರು? ಹಬ್ಬಕ್ಕೋ, ರೋಗಕ್ಕೋ, ವಲಸೆಗೋ? ಈ ಪ್ರಶ್ನೆ ಇನ್ನೂ ಪೂರ್ತಿ ಮುಗಿದಿಲ್ಲ. ರಾಕ್ಷಸನ ಎಲುಬಿಗಿಂತ ಇದು ನನಗೆ ಹೆಚ್ಚು ಬೆರಗು ತರುತ್ತದೆ.

ಕಪ್ಪಗಲ್ಲಿನ ಬಂಡೆಗಳೂ ಹಾಗೆಯೇ. ಅಲ್ಲಿ ಕೆಲವು ಕಲ್ಲುಗಳನ್ನು ಇನ್ನೊಂದು ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ಬಡಿದು ಬಡಿದು ಗುಳಿಬಿದ್ದ ಗುರುತುಗಳಿವೆ. ಚಿತ್ರ ಕೆತ್ತಿದ ಜನ ಅಲ್ಲಿ ಸದ್ದನ್ನೂ ಹೊರಡಿಸುತ್ತಿದ್ದರು ಎಂದು ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದರು. ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರೂ ಸೇರಿದಂತೆ ಹಲವರು ಆ ಗುಡ್ಡಗಳಲ್ಲಿ ವರ್ಷಗಳ ಕಾಲ ದುಡಿದರು. ಅದಕ್ಕೂ ಮುಂಚೆ, 1892ರಲ್ಲೇ ವರದಿಯಾಗಿದ್ದ ಈ ಬಂಡೆಚಿತ್ರಗಳನ್ನು ಆಮೇಲೆ ಹುಡುಕಿ ಹೋದವರಿಗೆ ಜಾಗವೇ ಸಿಕ್ಕಿರಲಿಲ್ಲ. ಮೊದಲ ವರದಿಯ ಕಾಲದಲ್ಲಿ ತೆಗೆದ ಫೋಟೋಗಳಲ್ಲಿ ಕೆಲವು ಕಳೆದವು, ಕೆಲವು ಮಾಸಿದವು. ಇತ್ತ ಕಲ್ಲುಗಣಿಗಾರಿಕೆ ಗುಡ್ಡವನ್ನೇ ಕಡಿಯತೊಡಗಿತು. ನಿಜವಾದ ರಹಸ್ಯದ ಫೋಟೋ ಮಾಸುತ್ತದೆ, ಕಲ್ಲು ಜಲ್ಲಿಯಾಗುತ್ತದೆ. ಸುಳ್ಳು ರಹಸ್ಯದ ಫೋಟೋ ದಿನವೂ ಹೊಸದಾಗಿ ಹುಟ್ಟುತ್ತದೆ.

ಹಾಗಾದರೆ ಈ ಸಾಧನಕ್ಕೆ ಒಳ್ಳೆಯ ಬಳಕೆಯೇ ಇಲ್ಲವೇ? ಇದೆ. ಕುಂಚ ಹಿಡಿಯಲಾರದ ಹುಡುಗಿಗೆ ಅಜ್ಜಿಯ ಕತೆಯನ್ನು ಕಣ್ಣಿಗೆ ತಂದುಕೊಳ್ಳುವ ಅವಕಾಶ ಸಣ್ಣದಲ್ಲ. 1960ರ ದಶಕದಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜ ರಾವ್ ಅಗೆದ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದ ಮೇಲಿನ ಗುಡಿಸಲುಗಳನ್ನು, ದೊಡ್ಡಿಯ ಉರಿಯನ್ನು, ಕಲ್ಲು ಬಡಿಯುವ ರಾತ್ರಿಯನ್ನು ವರದಿಗಳನ್ನು ಓದಿ ಚಿತ್ರಿಸಿದರೆ ಶಾಲೆಗಳಿಗೆ ಉಪಕಾರ. ಚಿತ್ರವನ್ನು ಫೋಟೋ ಥರ ಮಾಡದೆ ತೊಗಲುಗೊಂಬೆಯ ಗೆರೆಯಲ್ಲಿ, ಕಪ್ಪಗಲ್ಲಿನ ಕುಟ್ಟುಚಿತ್ರದ ಲಯದಲ್ಲಿ ಕಟ್ಟಲು ಯಂತ್ರವನ್ನು ಒತ್ತಾಯಿಸಿದರೆ ಏನಾದರೂ ಹೊಸದು ಹುಟ್ಟೀತು. ಯಂತ್ರ ಮೊದಲು ಕೊಟ್ಟದ್ದನ್ನು ಒಪ್ಪದೆ ಜಗಳಕ್ಕೆ ನಿಲ್ಲುವವನಲ್ಲಿ ಕಲಾವಿದನ ಗುಣವಿದೆ.

ಕಾನೂನು ತನ್ನ ದಾರಿ ಹುಡುಕುತ್ತಿದೆ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮ, ಎಐ ಚಿತ್ರದ ಶೇ. 10ರಷ್ಟು ಜಾಗದಲ್ಲಿ ಗುರುತುಪಟ್ಟಿ ಇರಬೇಕೆಂದಿತ್ತು. ಆದರೆ ಕತ್ತರಿಸಿ ಕಳಿಸುವವನ ಕೈಗೆ ಪಟ್ಟಿ ಎಷ್ಟರ ಲೆಕ್ಕ? ಗುರುತು ಚಿತ್ರದ ಒಡಲಲ್ಲೇ ಇರಬೇಕು. ಅದಕ್ಕೊಂದು ಹಳೆಯ ಮಾದರಿ ಇಲ್ಲೇ ಇದೆ. ಬಳ್ಳಾರಿ ಪಕ್ಕದ ಕೊಳಗಲ್ಲಿನಲ್ಲಿ ಕ್ರಿ.ಶ. 967ರ ರಾಷ್ಟ್ರಕೂಟ ಶಾಸನವೊಂದಿದೆ. ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಆಳುತ್ತಿದ್ದ ಕಾಲ. ಬಂಗಾಳದ ವರೇಂದ್ರ ಸೀಮೆಯಿಂದ ಬಂದ ಗದಾಧರ ಅಲ್ಲಿ ಕಾರ್ತಿಕೇಯ ಮೊದಲಾದ ದೇವರುಗಳ ಮೂರ್ತಿ ನಿಲ್ಲಿಸಿದ. ದೇವರನ್ನೂ ಆತ ಕಣ್ಣಾರೆ ಕಂಡು ಕಡೆಸಿದ್ದೇನಲ್ಲ. ಆದರೆ ಯಾರು ನಿಲ್ಲಿಸಿದ್ದು, ಯಾವ ದೊರೆಯ ಕಾಲ, ಯಾವ ವರ್ಷ ಎಂಬುದನ್ನು ಕಲ್ಲಿನಲ್ಲೇ ಬರೆಸಿದ. ಸಾವಿರ ವರ್ಷದ ಮೇಲೆ ನಾವು ಆ ಮಾತನ್ನು ನಂಬುವುದು ಅದಕ್ಕಾಗಿ.

ಬಗೆಹರಿಯದ ಸಂಗತಿಗಳ ಎಐ ಚಿತ್ರಗಳನ್ನು ಅಳೆಯಲು ನನ್ನ ಬಳಿ ಇರುವ ಕೋಲು ಮೂರು: ಕಟ್ಟಿದ ಕೈ ಕಾಣುತ್ತದೆಯೇ, ಊರು ಕಾಣುತ್ತದೆಯೇ, ಪ್ರಶ್ನೆ ಉಳಿಯುತ್ತದೆಯೇ? ಈಗ ಬರುತ್ತಿರುವ ಬಹುಪಾಲು ಚಿತ್ರಗಳು ಮೂರರಲ್ಲೂ ಸೋಲುತ್ತವೆ. ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ದೈತ್ಯನನ್ನು ಬೇಕಾದಷ್ಟು ದೊಡ್ಡದಾಗಿ ಬರೆಯಿರಿ, ಆದರೆ ಫೋಟೋ ವೇಷ ಕಳಚಿಸಿ ಬರೆಯಿರಿ. ಚಿತ್ರದ ಒಳಗೇ ಕನ್ನಡದಲ್ಲಿ ನಿಮ್ಮ ಅಂಕಿತ, ವರ್ಷ, ‘ಕಲ್ಪಿತ’ ಎಂಬ ಮಾತು ಇರಲಿ. ಬರೆಯುವ ಮುನ್ನ ಒಮ್ಮೆ ಸಂಗನಕಲ್ಲು, ಕುಡತಿನಿಗಳಿಗೆ ಹೋಗಿ ಬನ್ನಿ.