ಗ್ರೀಸ್ ಮೆತ್ತಿದ ಡ್ರಿಲ್

1989ರಲ್ಲಿ ಬಂದ ಮಾಜ್ದಾ ಮಿಯಾಟಾ ಎರಡೇ ಸೀಟಿನ ಪುಟ್ಟ ಕಾರು. ಎಂಜಿನ್ 1.6 ಲೀಟರಿನದು, ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇರಲಿಲ್ಲ. ಅಮೆರಿಕದ ಹವ್ಯಾಸಿಗಳು ಟರ್ಬೊವನ್ನು ಮನೆಯ ಗ್ಯಾರೇಜಿನಲ್ಲೇ ಕೂರಿಸಿ, ರಜೆಯ ದಿನ ಕಾರನ್ನು ಟ್ರ್ಯಾಕಿಗೆ ಇಳಿಸುತ್ತಾರೆ. ನೋಡುವವರ ಕಣ್ಣೆಲ್ಲ ಮುಂದೆ ಹೊಳೆಯುವ, ಗಾಳಿ ತಂಪಾಗಿಸುವ ಇಂಟರ್‌ಕೂಲರ್ ಮೇಲೆ. ನನಗೋ ಕಾರಿನಡಿಯ, ಎಂಜಿನ್ ಎಣ್ಣೆ ನಿಲ್ಲುವ ಆಯಿಲ್ ಸಂಪಿಗೆ ಕೊರೆದ ತೂತೇ ಹೆಚ್ಚು ಇಷ್ಟ.

ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರುವ ಟರ್ಬೊದ ಶಾಫ್ಟು ತೆಳ್ಳನೆಯ ಎಣ್ಣೆಪದರದ ಮೇಲೆ ತೇಲುತ್ತದೆ. ಎಣ್ಣೆ ಬರುವುದು ಪಂಪಿನ ಒತ್ತಡದಿಂದ. ಮರಳುವುದು ಮಾತ್ರ ತನ್ನ ಭಾರದಿಂದಲೇ. ಹಾಗಾಗಿ ಸಂಪಿನ ಆ ತೂತಿಗೆ ಸೇರುವ ವಾಪಸು ಪೈಪು ದಪ್ಪಗಿರಬೇಕು, ಉದ್ದಕ್ಕೂ ಇಳಿಜಾರಾಗಿರಬೇಕು. ಸಂಪನ್ನು ಬಿಚ್ಚದೆಯೇ ತೂತು ಕೊರೆಯುವ ಜಾಣ, ಡ್ರಿಲ್ ಬಿಟ್ಟಿನ ಸುರುಳಿಗೆ ಗಟ್ಟಿ ಗ್ರೀಸ್ ಮೆತ್ತುತ್ತಾನೆ. ಲೋಹದ ಚೂರು ಒಳಗೆ ಬೀಳದೆ ಅದಕ್ಕೇ ಅಂಟುತ್ತದೆ. ಸ್ವಲ್ಪ ಕೊರೆ, ಹೊರತೆಗೆ, ಒರೆಸು, ಮತ್ತೆ ಮೆತ್ತು. ಎಂಥ ತಾಳ್ಮೆ!

ಎಣ್ಣೆಯ ಹಾಗೆಯೇ ಕಾವಿನದೂ ಒಂದು ಕೆಲಸ. ಎಕ್ಸಾಸ್ಟ್ ಪೈಪಿಗೆ ಸುತ್ತುವ ಶಾಖ ತಡೆಯುವ ಪಟ್ಟಿಯನ್ನು ಮೊದಲು ನೀರಲ್ಲಿ ನೆನೆಸುತ್ತಾರೆ, ಬಿಗಿಯಾಗಿ ಕೂರಲಿ ಎಂದು. ಮೊದಲ ಸಲ ಕಾದಾಗ ಘಾಟು ಹೊಗೆ ಏಳುತ್ತದೆ, ಹೆದರಬೇಕಿಲ್ಲ. ಟ್ರ್ಯಾಕಿನ ಕಾವಿಗೆ ಟರ್ಬೊ ಹಿಡಿದ ಸ್ಟಡ್‌ಗಳು ಸಡಿಲಾಗುವುದು ಇಂಥ ಕಾರುಗಳ ಹಳೆಯ ಕಾಟ. ಅದಕ್ಕೇ ಶಾಖಕ್ಕೆ ಜಗ್ಗದ ಇಂಕೊನೆಲ್ ಲೋಹದ ಸ್ಟಡ್ ಹಾಕುತ್ತಾರೆ. ಕುದುರೆಶಕ್ತಿಯ ಬಡಾಯಿ ಯಾರು ಬೇಕಾದರೂ ಕೊಚ್ಚಲಿ, ಆ ಸ್ಟಡ್ಡುಗಳ ನಟ್ಟುಗಳನ್ನು ಓಟ ಮುಗಿಸಿ ಬಂದಾಗಲೆಲ್ಲ ಸ್ಪ್ಯಾನರ್ ಹಿಡಿದು ಪರೀಕ್ಷಿಸುವವರೇ ನನ್ನ ಮೆಚ್ಚಿನವರು.